ಜೂನ್ ಒಂದರಂದು ಹುಟ್ಟಿದವಳು

ಪ್ರೇಮಲೀಲಾಳ ಅತ್ತೆ ತೀರಿಕೊಂಡದ್ದು ೧೯೯೫ರ ಯುಗಾದಿ ಕಳೆದ ಮರುವಾರ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಕೆಸರೆಯ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದವರು ಮೂವರು: ಪ್ರೇಮಲೀಲಾ, ಅವಳ ಗಂಡ ಮೃತ್ಯುಂಜಯ, ನಾಲ್ಕು ವರ್ಷ ಎರಡು ತಿಂಗಳ ಮಗಳು ನಿಶ್ಚಿತಾ. ಅತ್ತೆ ಇದ್ದಷ್ಟು ದಿನ ಅವರ ಬಾಯಿಗೆ ಹೆದರಿ ಪ್ರೇಮಲೀಲಾ ಒಳಗೊಳಗೇ ಬೈದುಕೊಳ್ಳುತ್ತಿದ್ದಳು. ಹೋದ ಮೇಲೆ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದವರೂ ಅವರೇ ಎನ್ನುವುದು ಅರಿವಿಗೆ ಬಂತು.

ಮೃತ್ಯುಂಜಯ ಸಂತೇಪೇಟೆಯ ಸಗಟು ದಿನಸಿ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದ. ಬೆಳಿಗ್ಗೆ ಎಂಟಕ್ಕೆ ಸೈಕಲ್ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಪ್ರೇಮಲೀಲಾ ಮನೆಯಿಂದ ಒಂದು ಫರ್ಲಾಂಗ್ ದೂರದ ಊದುಬತ್ತಿ ಕಾರ್ಖಾನೆಯಲ್ಲಿ ಕಡ್ಡಿ ಹೊಸೆಯುತ್ತಿದ್ದಳು. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಮಣೆ ಮುಂದಿಟ್ಟುಕೊಂಡು ಸಾಲಾಗಿ ಕೂತ ಇಪ್ಪತ್ತೈದು ಹೆಂಗಸರು, ನಡುವೆ ಇದ್ದಿಲ ಪುಡಿಯ ಗುಡ್ಡೆ. ಅತ್ತೆ ಹೋದ ಮೇಲೆ ಮಗುವನ್ನೂ ಅಲ್ಲಿಗೇ ಕರೆದುಕೊಂಡು ಹೋಗತೊಡಗಿದಳು. ನಿಶ್ಚಿತಾ ಮೂಲೆಯಲ್ಲಿ ಗೋಣಿ ಚೀಲದ ಮೇಲೆ ಕೂತು ಮುರಿದ ಕಡ್ಡಿಗಳನ್ನು ಜೋಡಿಸಿ ಆಡಿಕೊಂಡಿರುತ್ತಿದ್ದಳು. ಮೂರನೇ ವಾರಕ್ಕೆ ಕೆಮ್ಮು ಹಿಡಿಯಿತು. ಮೂಗು ಒರೆಸಿದರೆ ಸೆರಗು ಕಪ್ಪಾಗುತ್ತಿತ್ತು. ಮೇಸ್ತ್ರಿ ಕರೆದು, "ಮಗೂನ ನಾಳೆಯಿಂದ ತರಬೇಡ ಕಣಮ್ಮ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ನಮ್ಮ ತಲೆ ಮೇಲೆ ಬರ್ತದೆ" ಎಂದ.

ಅಂಗನವಾಡಿ ಮಧ್ಯಾಹ್ನಕ್ಕೇ ಮುಚ್ಚುತ್ತಿತ್ತು. ಅಕ್ಕಪಕ್ಕದವರಿಗೆ ಅವರವರ ಮಕ್ಕಳೇ ಸಾಕಾಗಿದ್ದವು. ಕೆಲಸ ಬಿಟ್ಟರೆ ಬಾಡಿಗೆ ನಡೆಯುವ ಹಾಗಿರಲಿಲ್ಲ. ಉಳಿದ ಒಂದೇ ಜಾಗ ಎಂದರೆ ಸರ್ಕಾರಿ ಶಾಲೆ. ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೆರಳಿತ್ತು, ನೀರಿತ್ತು, ನೋಡಿಕೊಳ್ಳಲು ಟೀಚರ್ ಇದ್ದರು.

ಶಾಲೆ ಎಂದರೆ ಪ್ರೇಮಲೀಲಾಗೆ ಅಷ್ಟೇ ಆಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಅವಳ ತವರು ವರುಣದ ಕಡೆಯ ಒಂದು ಹಳ್ಳಿ. ನಾಲ್ಕನೇ ತರಗತಿಗೆ ಬಿಡಿಸಿ ದನದ ಹಿಂದೆ ಕಳಿಸಿದ್ದರು. ಹದಿನೈದಕ್ಕೆ ಮದುವೆ. ನಿಶ್ಚಿತಾಗಿಂತ ಮುಂಚೆ ಎರಡು ಕೂಸು ಹುಟ್ಟಿ, ಒಂದು ಆರು ದಿನ, ಇನ್ನೊಂದು ಒಂದೇ ದಿನ ಇದ್ದು ಹೋಗಿದ್ದವು. ಎರಡನೇ ಸಲ ಆಸ್ಪತ್ರೆಯ ಡಾಕ್ಟರಮ್ಮ, "ಇಷ್ಟು ಚಿಕ್ಕ ವಯಸ್ಸಿಗೆ ಯಾಕಮ್ಮ ಮದುವೆ ಮಾಡ್ತೀರಿ ನೀವೆಲ್ಲ" ಎಂದು ಅವಳನ್ನೇ ಗದರಿದ್ದರು, ಮದುವೆ ಮಾಡಿದ್ದು ಅವಳೇ ಎನ್ನುವ ಹಾಗೆ. ನಿಶ್ಚಿತಾ ಉಳಿದಾಗ ಅವಳು ಮನಸ್ಸಿನಲ್ಲೇ ತನಗೆ ತಾನು ಒಂದು ಮಾತು ಕೊಟ್ಟುಕೊಂಡಿದ್ದಳು: ಇವಳು ಓದುವಷ್ಟೂ ಓದಲಿ.

ಜೂನ್ ಮೊದಲ ವಾರ ಮಗುವಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಶಾಲೆಗೆ ಕರೆದುಕೊಂಡು ಹೋದಳು.

ಹೆಡ್‌ಮಾಸ್ಟರು ಲಕ್ಷ್ಮೀನರಸಿಂಹ. ಐವತ್ತು ದಾಟಿದವರು, ಚಾಮರಾಜಪುರಂನಿಂದ ದಿನಾ ಲೂನಾದಲ್ಲಿ ಬರುತ್ತಿದ್ದರು. ಅವರ ತಾತ ಅರಮನೆಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದವರಂತೆ. ಮೊಮ್ಮಗನ ಅಕ್ಷರವೂ ಮುತ್ತಿನಂತಿತ್ತು. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಬೀದಿಯ ಹೆಂಗಸರನ್ನೂ 'ಅಮ್ಮ' ಎಂದೇ ಮಾತನಾಡಿಸುತ್ತಿದ್ದರು. ಕೆಸರೆಯ ಜನ ಅವರನ್ನು ಒಳ್ಳೆಯವರು ಎನ್ನುತ್ತಿದ್ದರು, ಅದು ಸುಳ್ಳೂ ಅಲ್ಲ.

"ಮಗು ಹುಟ್ಟಿದ್ದು ಯಾವಾಗಮ್ಮ?" ಎಂದು ಕೇಳಿದರು.

"ಕಾವೇರಿ ಗಲಾಟೆ ಆಯ್ತಲ್ಲ ಸಾರ್, ಆ ವರ್ಷ. ಶಿವರಾತ್ರಿ ಕಳೆದು ಮೂರನೇ ದಿನ. ಗಲಾಟೆ ಹೊತ್ತಿಗೆ ಹತ್ತು ತಿಂಗಳ ಕೂಸು."

"ಆಸ್ಪತ್ರೇಲಾ?"

"ಇಲ್ಲ ಸಾರ್. ತವರಲ್ಲಿ. ಸೂಲಗಿತ್ತಿ ಬಂದು ಮಾಡಿದ್ದು."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ನಾಲ್ಕು ವರ್ಷ ಮೂರೂವರೆ ತಿಂಗಳು. ಒಂದನೇ ಕ್ಲಾಸಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು. ಮುಂದಿನ ವರ್ಷಕ್ಕೂ ಆಗಲ್ಲಮ್ಮ. ಅದರ ಆಚೆ ವರ್ಷ ಬನ್ನಿ."

"ಎರಡು ವರ್ಷ ಎಲ್ಲಿ ಬುಡಲಿ ಸಾರ್ ಮಗೂನ? ಅತ್ತೆ ಹೋಗ್ಬುಟ್ರು. ಕಾರ್ಖಾನೇಲಿ ಬೇಡ ಅಂದವ್ರೆ. ಮೂಲೇಲಿ ಸುಮ್ಮನೆ ಕೂರ್ತಾಳೆ, ಗಲಾಟೆ ಮಾಡಲ್ಲ."

ಲಕ್ಷ್ಮೀನರಸಿಂಹ ಮಗುವನ್ನು ನೋಡಿದರು. ಅದು ಕೆಮ್ಮಿತು. ಅವರ ಮೇಜಿನ ಮೇಲೆ ದಾಖಲಾತಿ ರಿಜಿಸ್ಟರ್ ತೆರೆದಿತ್ತು. ಒಂದನೇ ತರಗತಿಗೆ ಅಲ್ಲಿಯವರೆಗೆ ಸೇರಿದ್ದವರು ಹತ್ತೊಂಬತ್ತು ಜನ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಒಬ್ಬ ಟೀಚರನ್ನು ಬೇರೆ ಶಾಲೆಗೆ ಕಳಿಸುತ್ತೇವೆ ಎಂದು ಮೇಲಿನವರು ಆಗಲೇ ತಿಳಿಸಿದ್ದರು. ಅವರಿಗೂ ಮಗು ಬೇಕಿತ್ತು, ಇವಳಿಗೂ ಶಾಲೆ ಬೇಕಿತ್ತು.

"ಹುಟ್ಟಿದ ದಿನ ಜೂನ್ ಒಂದು, ಎಂಬತ್ತೊಂಬತ್ತು ಅಂತ ಬರೀತೀನಿ," ಎಂದರು. "ಇವತ್ತಿಗೆ ಆರು ವರ್ಷ ತುಂಬಿದ ಹಾಗೆ. ಈ ಶಾಲೇಲಿ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿರೋದು."

"ಮುಂದೆ ಏನೂ ತೊಂದರೆ ಇಲ್ವಾ ಸಾರ್?"

ಅವರು ನಕ್ಕರು. "ಏನು ತೊಂದರೆ? ನಾಳೆ ಸರ್ಕಾರಿ ಕೆಲಸ ಸಿಕ್ಕಿದ್ರೆ ಒಂದು ವರ್ಷ ಎಂಟು ತಿಂಗಳು ಮುಂಚೆ ರಿಟೈರ್ ಆಗ್ತಾಳೆ, ಅಷ್ಟೇ."

ಪ್ರೇಮಲೀಲಾಗೂ ನಗು ಬಂತು. ಅವರು ತೋರಿಸಿದ ಕಡೆ ನಿಧಾನಕ್ಕೆ ಅಕ್ಷರ ಕೂಡಿಸಿ ಹೆಸರು ಬರೆದಳು. ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದೆನಲ್ಲ ಎಂದು ಹೆಮ್ಮೆಯೂ ಆಯಿತು. ಹೊರಗೆ ಬರುವಾಗ ಅವರಿಗೆ ಎರಡೂ ಕೈ ಎತ್ತಿ ಮುಗಿದಳು.

ಮೊದಲ ವರ್ಷ ನಿಶ್ಚಿತಾ ಮಧ್ಯಾಹ್ನದ ಹೊತ್ತು ನೆಲದ ಮೇಲೇ ನಿದ್ದೆ ಹೋಗುತ್ತಿದ್ದಳು. ಟೀಚರು ಎಬ್ಬಿಸುತ್ತಿರಲಿಲ್ಲ. ಎರಡನೇ ತರಗತಿಗೆ ಬರುವ ಹೊತ್ತಿಗೆ ಅಕ್ಷರ ಕೂಡಿತು. ಐದಕ್ಕೆ ಬಂದಾಗ ತಾಯಿಗೆ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಔಷಧದ ಚೀಟಿ ಎಲ್ಲ ಓದಿ ಹೇಳುತ್ತಿದ್ದಳು. ತನಗಿಂತ ಒಂದು ತಲೆ ಎತ್ತರದ ಮಕ್ಕಳ ನಡುವೆ ಕೂತು ಅವರಿಗಿಂತ ಹೆಚ್ಚು ನಂಬರು ತೆಗೆಯುತ್ತಿದ್ದಳು. ಸಂಜೆ ಬಂದು ಪಾಠ ಒಪ್ಪಿಸುವಾಗ ಪ್ರೇಮಲೀಲಾ ಹಿಟ್ಟು ಕಲಸುತ್ತಾ ಕೇಳುತ್ತಿದ್ದಳು. ತಾನು ಬಿಟ್ಟ ನಾಲ್ಕನೇ ತರಗತಿಯ ಆಚೆಗಿನದೆಲ್ಲ ಅವಳಿಗೆ ಹೊಸದು. ಒಮ್ಮೊಮ್ಮೆ, "ಅದನ್ನ ಇನ್ನೊಂದು ಸಲ ಹೇಳು" ಎನ್ನುತ್ತಿದ್ದಳು.

ಹತ್ತನೇ ತರಗತಿಯ ಪರೀಕ್ಷೆಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿ ಒಂದು ಮಾತು ಹೇಳಿ ಕಳಿಸಿದರು: ಹೆಸರು, ಹುಟ್ಟಿದ ದಿನ ಏನಾದರೂ ತಪ್ಪಿದ್ದರೆ ಈಗಲೇ ತಿದ್ದಿಸಿಕೊಳ್ಳಿ, ಕೋರ್ಟಿನ ಕಾಗದ ಬೇಕಾಗುತ್ತದೆ, ಒಂದು ಸಲ ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾದರೆ ಆಮೇಲೆ ಕಷ್ಟ. ನಿಶ್ಚಿತಾ ಮನೆಗೆ ಬಂದು ಹೇಳಿದಳು. ಮೃತ್ಯುಂಜಯ ಊಟ ಮಾಡುತ್ತಿದ್ದ.

"ವಕೀಲರ ಹಿಂದೆ ಅಲೆಯೋರು ಯಾರು? ಇದ್ದಂಗೇ ಇರಲಿ ಬುಡು," ಎಂದ.

ಪ್ರೇಮಲೀಲಾಳೂ ಹೂಂ ಎಂದಳು. ಆ ದಿನ ಅವಳಿಗೆ ಅದೊಂದು ಸಂಗತಿ ಎಂದೇ ಅನಿಸಲಿಲ್ಲ.

೨೦೦೭ರಲ್ಲಿ ನಿಶ್ಚಿತಾ ಎರಡನೇ ಪಿಯುಸಿ ಮುಗಿಸಿದಳು. ನೂರಕ್ಕೆ ಎಪ್ಪತ್ತೊಂದು. ಮಹಾರಾಣಿ ಕಾಲೇಜಿಗೆ ಹೋಗಿ ತಾನೇ ಬಿ.ಎ. ಅರ್ಜಿ ತಂದಳು. ಇತಿಹಾಸ ಓದಿ, ಆಮೇಲೆ ಬಿ.ಎಡ್. ಮಾಡಿ ಟೀಚರ್ ಆಗುವುದು ಅವಳ ಯೋಚನೆ. ಅರ್ಜಿಯನ್ನು ತುಂಬಿ, ಅಪ್ಪನ ಸಹಿಗೆಂದು ದೇವರ ಗೂಡಿನ ಪಕ್ಕ ಇಟ್ಟಿದ್ದಳು.

ಅದೇ ವಾರ ಇಲವಾಲದಿಂದ ಮೃತ್ಯುಂಜಯನ ಅಕ್ಕ ಬಂದಳು. ಆಕೆಯ ಮಗ ಸಿದ್ದಲಿಂಗಸ್ವಾಮಿಗೆ ಇಪ್ಪತ್ತೊಂಬತ್ತು. ಹುಣಸೂರು ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಆ ಕಡೆಯೆಲ್ಲ ಹೊಸ ಬಡಾವಣೆ ಏಳುತ್ತಿದ್ದುದರಿಂದ ವ್ಯಾಪಾರ ಚೆನ್ನಾಗಿತ್ತು. ಕುಡಿತ ಇಲ್ಲ, ಜೋರು ಮಾತಿಲ್ಲ. ಆದರೆ ಒಪ್ಪಿಕೊಂಡಿದ್ದ ಒಂದು ಸಂಬಂಧ ಲಗ್ನಪತ್ರಿಕೆ ಅಚ್ಚಾದ ಮೇಲೆ ಮುರಿದುಬಿದ್ದಿತ್ತು. ಊರಲ್ಲಿ ತಲೆ ಎತ್ತಿ ಓಡಾಡಲು ಆಗುತ್ತಿಲ್ಲ ಎಂದು ಅಕ್ಕ ಕಣ್ಣೀರು ಹಾಕಿದಳು. "ನಿನ್ನ ಮಗಳನ್ನ ಕೊಟ್ಬುಡು ಮೃತ್ಯುಂಜಯ. ವರದಕ್ಷಿಣೆ ಬೇಡ, ಒಡವೆ ಬೇಡ. ನಮ್ಮ ಮಾನ ಉಳೀತದೆ."

ತಂದೆ ಸತ್ತ ಮೇಲೆ ಮೃತ್ಯುಂಜಯನನ್ನು ಸಾಕಿದವಳು ಈ ಅಕ್ಕ. ಅವನು ತಲೆಯಾಡಿಸಿದ.

"ಕಾನೂನು ಪ್ರಕಾರವೇ ಆಗಲಿ," ಎಂದೂ ಅಕ್ಕ ಹೇಳಿದಳು. "ಜೂನ್ ಒಂದಕ್ಕೆ ಹದಿನೆಂಟು ತುಂಬ್ತದೆ ಅಂತಲ್ಲ. ಅಧಿಕಮಾಸ ಕಳೀಲಿ. ಆಷಾಢ ಬರೋದ್ರೊಳಗೆ ಮುಗಿಸ್ಬುಡೋಣ."

ಆಕೆ ಹೋದ ಮೇಲೆ ಪ್ರೇಮಲೀಲಾ ಬಾಯಿ ಬಿಟ್ಟಳು. "ಮಗೂಗೆ ಹದಿನಾರು ಕಣ್ರೀ. ಹದಿನಾರು ತುಂಬಿ ನಾಲ್ಕು ತಿಂಗಳಾಗಿಲ್ಲ."

"ಎಲ್ಲೈತೆ ಹದಿನಾರು? ಮಾರ್ಕ್ಸ್ ಕಾರ್ಡ್ ನೋಡು."

"ನಾನು ಹೆತ್ತಿದ್ದು. ಕಾರ್ಡ್ ಹೆತ್ತಿದ್ದಲ್ಲ."

"ಬರೆಸಿದ್ದೂ ನೀನೇ," ಎಂದ ಮೃತ್ಯುಂಜಯ. ಕೋಪದಲ್ಲಿ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. "ನೀನು ಈ ಮನೆಗೆ ಬಂದಾಗ ಎಷ್ಟಾಗಿತ್ತು? ಬದುಕಲಿಲ್ವಾ?"

ಅವಳು ಆರು ದಿನದ ಕೂಸನ್ನೂ ಒಂದು ದಿನದ ಕೂಸನ್ನೂ ನೆನೆದಳು. ಅದನ್ನು ಗಂಡನಿಗೆ ಹೇಳಬಹುದಿತ್ತು. ಅವನಿಗೂ ಗೊತ್ತಿದ್ದದ್ದೇ. ಗೋಡೆಗೆ ಒರಗಿ ನಿಂತಿದ್ದ ನಿಶ್ಚಿತಾ, "ಅಪ್ಪ, ನನಗೆ ಬೇಡ. ಕಾಲೇಜಿಗೆ ಸೇರ್ತೀನಿ" ಎಂದಳು. ಅವನು ಮಗಳ ಕಡೆ ನೋಡದೆ ಅಂಗಿ ಹಾಕಿಕೊಂಡು ಹೊರಗೆ ಹೋದ. ಬಿ.ಎ. ಅರ್ಜಿಯ ಕೊನೆಯ ದಿನ ಕಳೆಯಿತು.

ಪ್ರೇಮಲೀಲಾ ಕೆಲಸಕ್ಕೆ ರಜೆ ಹಾಕಿ ಅಲೆಯತೊಡಗಿದಳು. ಮೊದಲು ಹೋದದ್ದು ಹೆಣ್ಣುಮಕ್ಕಳ ಇಂಥ ವಿಷಯ ನೋಡುವ ಸರ್ಕಾರಿ ಕಚೇರಿಗೆ. ಅಲ್ಲಿನ ಅಧಿಕಾರಿ ವೃಷಭೇಂದ್ರಪ್ಪ ಕುರ್ಚಿ ಕೊಟ್ಟು ಕೂರಿಸಿ ಎಲ್ಲ ಕೇಳಿಸಿಕೊಂಡರು.

"ನಿಮ್ಮ ಮಾತು ನಾನು ನಂಬ್ತೀನಮ್ಮ. ಆದ್ರೆ ನಾನು ನಂಬಿ ಏನು ಪ್ರಯೋಜನ? ಜನನ ಪ್ರಮಾಣಪತ್ರ ಇದೆಯಾ?"

"ಇಲ್ಲ ಸಾರ್."

"ಶಾಲೆ ದಾಖಲೇಲಿ ಎಂಬತ್ತೊಂಬತ್ತು ಅಂತ ಇದ್ರೆ ಅದೇ ಸಾಕ್ಷಿ. ಊರಿಗೆ ಹೋಗಿ, ಗ್ರಾಮ ಲೆಕ್ಕಿಗರ ಹತ್ರ ಜನನದ ಪುಸ್ತಕ ಇರತ್ತೆ, ಅದರಲ್ಲಿ ಹೆಸರು ಸಿಕ್ಕಿದ್ರೆ ತನ್ನಿ. ಇಲ್ಲ, ಶಾಲೆಗೆ ಸೇರಿಸಿಕೊಂಡ ಹೆಡ್‌ಮಾಸ್ಟರು ತಪ್ಪಾಗಿ ಬರೆದಿದ್ದೇನೆ ಅಂತ ಒಂದು ಕಾಗದ ಕೊಡಲಿ. ಅದೊಂದಿದ್ರೆ ಪೊಲೀಸರ ಜೊತೆ ನಾನೇ ಬರ್ತೀನಿ."

ಮರುದಿನವೇ ವರುಣದ ಬಸ್ಸು ಹತ್ತಿದಳು. ಸೂಲಗಿತ್ತಿ ಸತ್ತು ಆರು ವರ್ಷವಾಗಿತ್ತು. ಜನನದ ಪುಸ್ತಕದಲ್ಲಿ ಆ ವರ್ಷದ ಹಾಳೆಗಳನ್ನು ಗ್ರಾಮ ಲೆಕ್ಕಿಗ ಅವಳೆದುರಿಗೇ ತಿರುವಿ ತೋರಿಸಿದ. ಅವಳ ಅಪ್ಪ ಬರೆಸಿರಲೇ ಇಲ್ಲ. ಗಂಡಾಗಿದ್ದರೆ ಬರೆಸುತ್ತಿದ್ದರೋ ಏನೋ.

ಉಳಿದದ್ದು ಲಕ್ಷ್ಮೀನರಸಿಂಹ ಅವರೊಬ್ಬರೇ. ನಿವೃತ್ತರಾಗಿ ಆರು ವರ್ಷವಾಗಿತ್ತು. ಚಾಮರಾಜಪುರಂನಲ್ಲಿ ಎರಡು ಅಂಗಡಿಯವರನ್ನು ಕೇಳಿದರೆ ಮನೆ ಸಿಕ್ಕಿತು. ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ಹೆಸರು ಹೇಳುವ ಮುಂಚೆಯೇ ಗುರುತು ಹಿಡಿದರು.

"ನಿಶ್ಚಿತಾಳ ತಾಯಿ ಅಲ್ವೇನಮ್ಮ? ಎರಡು ಜಡೆ ಹಾಕ್ಕೊಂಡು ಕೆಮ್ಮುತ್ತಾ ಬಂದಿದ್ದಳು. ಏನು ಮಾಡ್ತಿದಾಳೆ?"

"ಪಿಯುಸಿ ಆಯ್ತು ಸಾರ್. ಎಪ್ಪತ್ತೊಂದು ಬಂದದೆ."

"ಭೇಷ್. ನೋಡಿದ್ಯಾ, ಚೂಡಾಮಣಿ, ನಮ್ಮ ಶಾಲೆ ಹುಡುಗಿ." ಅವರ ಹೆಂಡತಿ ಒಳಗಿನಿಂದ ಕಾಫಿ ತಂದು ಕೊಟ್ಟು ಬಾಗಿಲ ಪಕ್ಕ ನಿಂತರು.

ಪ್ರೇಮಲೀಲಾ ಕಾಫಿ ಕುಡಿಯದೆ ಬಂದ ವಿಷಯ ಹೇಳಿದಳು. ಹೇಳುತ್ತಾ ಹೋದ ಹಾಗೆ ಮೇಷ್ಟರ ಮುಖದ ಮೇಲಿನ ಸಂತೋಷ ಇಳಿಯುತ್ತಾ ಬಂತು. ಪೇಪರನ್ನು ಮಡಚಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಚಿದರು.

"ನೀವು ಅವತ್ತು ಲೆಕ್ಕ ಹಾಕಿದ್ರಿ ಸಾರ್. ನಾಲ್ಕು ವರ್ಷ ಮೂರೂವರೆ ತಿಂಗಳು ಅಂತ ನಿಮ್ಮ ಬಾಯಲ್ಲೇ ಹೇಳಿದ್ರಿ. ಅದನ್ನೇ ಒಂದು ಕಾಗದದಲ್ಲಿ ಬರ್ಕೊಡಿ, ಸಾಕು."

"ನೆನಪಿದೆಯಮ್ಮ," ಎಂದರು. "ಆದ್ರೆ ಬರೆದುಕೊಡೋಕೆ ಆಗಲ್ಲ."

"ಯಾಕೆ ಸಾರ್?"

"ಸರ್ಕಾರಿ ರಿಜಿಸ್ಟರಿನಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೆದೆ ಅಂತ ನಾನೇ ಬರೆದುಕೊಟ್ಟ ಹಾಗಾಗತ್ತೆ. ಪೆನ್ಷನ್ ನಿಲ್ಲಿಸಬಹುದು, ಕೇಸೂ ಹಾಕಬಹುದು. ಅದಿರಲಿ. ನಿಮ್ಮ ಮಗಳೊಬ್ಬಳದೇ ಅಲ್ಲಮ್ಮ. ಆ ವರ್ಷ ಒಂಬತ್ತು ಮಕ್ಕಳಿಗೆ ಹಾಗೆ ಬರೆದೆ, ಹಿಂದಿನ ವರ್ಷ ಏಳು. ಒಬ್ಬ ಈಗ ಮಿಲಿಟರಿಲಿದಾನೆ. ಒಂದು ದಿನಾಂಕ ಸುಳ್ಳು ಅಂದ್ರೆ ಎಲ್ಲಾನೂ ತೆಗೆದು ನೋಡ್ತಾರೆ. ಅವರ ಗತಿ?"

"ನನ್ನ ಮಗಳ ಗತಿ ಸಾರ್?"

"ನೀವೂ ಸಹಿ ಮಾಡಿದೀರಿ. ನಿಮಗೂ ತೊಂದರೆ ಆಗತ್ತೆ."

"ಆಗಲಿ. ಜೈಲಿಗೆ ಹಾಕಲಿ ನನ್ನ."

ಅವರು ಕನ್ನಡಕ ತೆಗೆದು ಒರೆಸಿದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಪ್ರೇಮಲೀಲಾ ನೋಡಿದಳು. ಆಮೇಲೆ ಯಾರೋ ಹಿರಿಯರು ಸಮಾಧಾನ ಹೇಳುವ ದನಿಯಲ್ಲಿ, "ಹುಡುಗ ಒಳ್ಳೆಯವನು ಅಂತೀರಿ. ಮದುವೆ ಆದ ಮೇಲೂ ಓದಬಹುದು. ಲೋಕದಲ್ಲಿ ನಡೆಯದೇ ಇರೋದೇನಲ್ಲ. ನಮ್ಮ ಚೂಡಾಮಣಿನೇ ಈ ಮನೆಗೆ ಬಂದಾಗ ಹದಿನೈದು" ಎಂದರು.

"ನನ್ನ ವಿಷಯ ಎತ್ತಬೇಡಿ," ಎಂದರು ಬಾಗಿಲ ಬಳಿ ನಿಂತ ಚೂಡಾಮಣಿ. ದನಿ ಏರಿಸಲಿಲ್ಲ. "ಹದಿನೈದಕ್ಕೆ ನನಗೆ ಹೇಗಿತ್ತು ಅಂತ ಈ ನಲವತ್ತು ವರ್ಷದಲ್ಲಿ ನೀವು ಒಂದು ದಿನ ಕೇಳಿಲ್ಲ."

ಲಕ್ಷ್ಮೀನರಸಿಂಹ ಪೇಪರ್ ಕಡೆ ನೋಡಿದರು. ಪ್ರೇಮಲೀಲಾ ಎದ್ದಳು. ಚೂಡಾಮಣಿ ಅವಳನ್ನು ನಿಲ್ಲಿಸಿ, ಒಳಗೆ ಹೋಗಿ ಕುಂಕುಮದ ಭರಣಿ, ತಟ್ಟೆಯಲ್ಲಿ ಎರಡು ಬಾಳೆಹಣ್ಣು, ಒಂದು ರವಿಕೆ ಕಣ ತಂದರು. ಗೇಟಿನವರೆಗೂ ಬಂದು, "ಅವರು ಕೊಡಲ್ಲಮ್ಮ. ನಾನು ಹೇಳಿನೂ ಪ್ರಯೋಜನ ಇಲ್ಲ. ಮನೆ ನಡೀತಿರೋದು ಆ ಪೆನ್ಷನ್ನಿನಲ್ಲೇ" ಎಂದರು. ಪ್ರೇಮಲೀಲಾ ಕುಂಕುಮ ಇಟ್ಟುಕೊಂಡು ಹಣ್ಣು ತೆಗೆದುಕೊಂಡಳು. ಬಸ್‌ಸ್ಟಾಪಿನಲ್ಲಿ ನಿಂತಾಗ ಮೇಷ್ಟರ ಮೇಲೆ ಕೋಪ ಬರಲಿ ಎಂದು ಕಾದಳು. ಅವತ್ತು ಕೈ ಮುಗಿದದ್ದೇ ನೆನಪಾಗುತ್ತಿತ್ತು.

ಜೂನ್ ಕೊನೆಯ ವಾರ ಇಲವಾಲದ ಒಂದು ಚಿಕ್ಕ ಕಲ್ಯಾಣ ಮಂಟಪದಲ್ಲಿ ಮದುವೆ. ಪ್ರೇಮಲೀಲಾ ಮಗಳಿಗೆ ತಾನೇ ತಲೆ ಬಾಚಿದಳು. ಹೂ ಮುಡಿಸುವಾಗ ನಿಶ್ಚಿತಾ, "ಅಮ್ಮ, ಏನೂ ಆಗಲ್ವಾ?" ಎಂದಳು. "ಇರು," ಎಂದಷ್ಟೇ ಹೇಳಿ ಅವಳು ಹೊರಗೆ ಬಂದಳು. ಮಂಟಪದ ಎದುರಿನ ಬೀಡಾ ಅಂಗಡಿಯ ಕಾಯಿನ್ ಬಾಕ್ಸಿನಿಂದ ಪೊಲೀಸರಿಗೆ ಫೋನ್ ಮಾಡಿದಳು. "ಹದಿನಾರು ವರ್ಷದ ಹುಡುಗಿಗೆ ಮದುವೆ ಮಾಡ್ತಾವ್ರೆ, ಬನ್ನಿ" ಎಂದು ಮಂಟಪದ ಹೆಸರು ಹೇಳಿದಳು. ತನ್ನ ಹೆಸರನ್ನೂ ಹೇಳಿದಳು.

ಪೊಲೀಸರು ಬಂದರು. ಒಬ್ಬರು ಸಬ್ ಇನ್ಸ್‌ಪೆಕ್ಟರ್, ಇಬ್ಬರು ಕಾನ್ಸ್‌ಟೇಬಲ್. ವಾಲಗ ನಿಂತಿತು. ಹಸೆಮಣೆಯ ಮೇಲೆ ಕೂತಿದ್ದ ನಿಶ್ಚಿತಾ ತಲೆ ಎತ್ತಿದಳು. ಆ ಒಂದು ಗಳಿಗೆ ಮಗಳ ಮುಖ ಹೇಗಿತ್ತು ಎಂದು ಪ್ರೇಮಲೀಲಾ ಆಮೇಲೆ ಯಾರಿಗೂ ವರ್ಣಿಸಿ ಹೇಳಲಿಲ್ಲ, ಮರೆಯಲೂ ಇಲ್ಲ.

ಮೃತ್ಯುಂಜಯ ಗಾಬರಿಯಾಗಲಿಲ್ಲ. ಹೆಂಡತಿ ಕಚೇರಿ ಅಲೆದದ್ದು ಅವನ ಕಿವಿಗೆ ಬಿದ್ದಿತ್ತು. ಲ್ಯಾಮಿನೇಷನ್ ಮಾಡಿಸಿದ ಮಾರ್ಕ್ಸ್ ಕಾರ್ಡು, ಶಾಲೆಯ ದಾಖಲಾತಿ ಪುಟದ ನಕಲು, ಎರಡನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದ. ಸಬ್ ಇನ್ಸ್‌ಪೆಕ್ಟರ್ ಓದಿದರು.

"ಎಷ್ಟಮ್ಮ ನಿನ್ನ ವಯಸ್ಸು?"

"ಹದಿನಾರು," ಎಂದಳು ನಿಶ್ಚಿತಾ.

"ಇದರಲ್ಲಿ ಹದಿನೆಂಟು ತುಂಬಿ ಇಪ್ಪತ್ತೇಳು ದಿನ ಆಗಿದೆಯಲ್ಲ."

"ಅದು ಸುಳ್ಳು ಸಾರ್."

ಅವರು ಪ್ರೇಮಲೀಲಾಳನ್ನು ಕರೆದು ನಕಲು ಕಾಗದದ ಮೇಲೆ ಬೆರಳಿಟ್ಟರು. "ಇದು ಯಾರ ಸಹಿ?"

"ನನ್ನದೇ ಸಾರ್."

"ಅವತ್ತು ಎಂಬತ್ತೊಂಬತ್ತು ಅಂತ ಸಹಿ ಮಾಡಿದೀರಿ. ಇವತ್ತು ತೊಂಬತ್ತೊಂದು ಅಂತೀರಿ. ಯಾವತ್ತು ಹೇಳಿದ್ದು ನಿಜ ಅಂತ ನಾನು ತಗೊಳ್ಳಲಿ?"

"ಇವತ್ತಿನದು."

"ಕಾಗದ ಏನಾದ್ರೂ ಇದೆಯಾ?"

ಇರಲಿಲ್ಲ. ಅವರು ಕೆಟ್ಟದಾಗಿ ಮಾತನಾಡಲಿಲ್ಲ. ಕಾಗದಗಳನ್ನು ಮೃತ್ಯುಂಜಯನ ಕೈಗೆ ಕೊಟ್ಟು, "ನಡೆಸಿ" ಎಂದರು. ವರನ ಕಡೆಯವರು ಊಟ ಮಾಡಿಕೊಂಡೇ ಹೋಗಬೇಕು ಎಂದು ಒತ್ತಾಯಿಸಿದರು. ಸಬ್ ಇನ್ಸ್‌ಪೆಕ್ಟರ್ ಒಲ್ಲೆ ಎಂದು ಜೀಪಿನಲ್ಲಿ ಕೂತರು. ಕಾನ್ಸ್‌ಟೇಬಲ್‌ಗಳು ಮೊದಲ ಪಂಕ್ತಿಯಲ್ಲಿ ಊಟ ಮಾಡಿದರು. ಅಷ್ಟರಲ್ಲಿ ವಾಲಗ ಮತ್ತೆ ಶುರುವಾಗಿ ತಾಳಿ ಕಟ್ಟಿ ಆಗಿತ್ತು.

ಆ ದಿನ ನೆಂಟರೆದುರಿಗೆ ಮೃತ್ಯುಂಜಯ ಹೆಂಡತಿಗೆ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೂ ಆಡಲಿಲ್ಲ. "ನಮ್ಮಕ್ಕನ ಮನೆ ಬಾಗಿಲಿಗೆ ಪೊಲೀಸ್ ಕರೆಸಿದೆ" ಎಂದು ಮೂರನೇ ದಿನ ಒಂದು ಸಲ ಹೇಳಿದ, ಅಷ್ಟೇ. ಅವಳೂ ಮಾತು ನಿಲ್ಲಿಸಿದಳು. ಹೊತ್ತಿಗೆ ಸರಿಯಾಗಿ ಮುದ್ದೆ ಸಾರು ಮುಂದಿಡುವಳು, ಅವನು ಉಂಡು ಏಳುವನು.

ಸಿದ್ದಲಿಂಗಸ್ವಾಮಿ ಹೆಂಡತಿಯನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮನೆಯಲ್ಲೇ ಕೂತು ಅಂಚೆಯಲ್ಲಿ ಡಿಗ್ರಿ ಓದು ಎಂದು ಪುಸ್ತಕಕ್ಕೂ ಒಪ್ಪಿದ. ಆದರೆ ಅತ್ತೆಗೆ ಮಂಡಿ ನೋವು, ಹಸು ಎರಡು, ಅಂಗಡಿಯ ಆಳುಗಳಿಗೆ ಮಧ್ಯಾಹ್ನದ ಅಡುಗೆ. ನಾಲ್ಕನೇ ತಿಂಗಳಿಗೆ ನಿಶ್ಚಿತಾ ಬಸುರಿ. ಪುಸ್ತಕಗಳ ಮಾತು ಅಲ್ಲಿಗೇ ನಿಂತಿತು.

ಮರುವರ್ಷ ಮೇ ತಿಂಗಳಲ್ಲಿ ಅವಳು ಬಾಣಂತನಕ್ಕೆ ತವರಿಗೆ ಬಂದಳು. ಎಡಗೈ ಬೆರಳಿನಲ್ಲಿ ವೋಟಿನ ಶಾಯಿ ಇತ್ತು. "ಮಾವ ಲಿಸ್ಟಿಗೆ ಹೆಸರು ಸೇರಿಸಿದ್ರು," ಎಂದಳು. ಅವಳಿಗೆ ಆಗ ಹದಿನೇಳು ತುಂಬಿ ಮೂರು ತಿಂಗಳು. ಮುಖ ಬಿಳಿಚಿತ್ತು, ಕಾಲು ಊದಿತ್ತು. ಜೂನ್‌ನಲ್ಲಿ, ದಿನ ತುಂಬುವುದಕ್ಕೆ ಒಂದು ತಿಂಗಳು ಮುಂಚಿತವಾಗಿಯೇ ಪ್ರೇಮಲೀಲಾ ಆಸ್ಪತ್ರೆಗೆ ಕರೆದುಕೊಂಡು ಓಡಬೇಕಾಯಿತು.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು ಚೀಟಿ ಬರೆಯುತ್ತಾ, "ವಯಸ್ಸು?" ಎಂದಳು. ಡಾಕ್ಟರಿಗಾದರೂ ನಿಜ ಗೊತ್ತಿರಲಿ ಎಂದು ಪ್ರೇಮಲೀಲಾ ಬಾಯಿ ತೆರೆಯುವಷ್ಟರಲ್ಲಿ ನಿಶ್ಚಿತಾ, ನೋವಿನ ನಡುವೆಯೇ, "ಹತ್ತೊಂಬತ್ತು" ಎಂದಳು. ಒಂದು ಕ್ಷಣವೂ ತಡೆಯಲಿಲ್ಲ. ನರ್ಸು ಬರೆದುಕೊಂಡಳು.

ಹೆಣ್ಣು ಮಗು. ಎರಡು ಕೆ.ಜಿ.ಗೂ ಕಡಿಮೆ. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದರು. ನಿಶ್ಚಿತಾಗೆ ಮೂರು ಬಾಟಲಿ ರಕ್ತ ಕೊಟ್ಟರು. ಐದನೇ ದಿನ ಎದ್ದು ಕೂರುವಷ್ಟು ಚೇತರಿಸಿಕೊಂಡಾಗ, ಪ್ರೇಮಲೀಲಾ ಗಂಜಿ ಕುಡಿಸುತ್ತಿದ್ದಳು. ಪಕ್ಕದ ಹಾಸಿಗೆಯಲ್ಲಿ ಯಾರೂ ಇರಲಿಲ್ಲ.

"ಅಮ್ಮ," ಎಂದಳು ನಿಶ್ಚಿತಾ. "ಅವತ್ತು ಎರಡು ವರ್ಷ ಕಾದಿದ್ರೆ ಆಗ್ತಿರಲಿಲ್ವಾ?"

ಆಕ್ಷೇಪಣೆಯ ದನಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಅಜ್ಜಿ ಸತ್ತದ್ದು, ಇದ್ದಿಲ ಪುಡಿ, ಕೆಮ್ಮು, ಮೇಸ್ತ್ರಿ ಎಲ್ಲವನ್ನೂ ಪ್ರೇಮಲೀಲಾ ಹೇಳಬಹುದಿತ್ತು. ಆಗ ನಾಲ್ಕು ವರ್ಷದವಳಾಗಿದ್ದ ಮಗಳಿಗೆ ಅದೊಂದೂ ನೆನಪಿರುವಂತಿರಲಿಲ್ಲ.

"ಬುಡೋಕೆ ಜಾಗ ಇರಲಿಲ್ಲ ಕಣಮ್ಮ," ಎಂದಳು.

ನಿಶ್ಚಿತಾ ಗಂಜಿಯ ಲೋಟವನ್ನು ತಾನೇ ತೆಗೆದುಕೊಂಡು ಕುಡಿದಳು. ಆಮೇಲೆ ಆ ಮಾತು ಅವರಿಬ್ಬರ ನಡುವೆ ಬರಲಿಲ್ಲ. ಐದನೇ ತಿಂಗಳಿಗೆ ಸಿದ್ದಲಿಂಗಸ್ವಾಮಿ ವ್ಯಾನು ತಂದು ತಾಯಿ ಮಗುವನ್ನು ಕರೆದುಕೊಂಡು ಹೋದ. ಪ್ರೇಮಲೀಲಾ ಮರುದಿನ ಕಾರ್ಖಾನೆಗೆ ಹೋದಳು. ತುಂಬಾ ದಿನ ತಪ್ಪಿಸಿದ್ದಕ್ಕೆ ಅವಳ ಮಣೆಯನ್ನು ಬೇರೆಯವರಿಗೆ ಕೊಟ್ಟಿದ್ದರು. ಮೇಸ್ತ್ರಿ ಬಾಗಿಲ ಪಕ್ಕ, ಬಿಸಿಲು ಬೀಳುವ ಕಡೆ, ಒಂದು ಜಾಗ ತೋರಿಸಿದ. ಅವಳು ಕೂತು ಕಡ್ಡಿ ಕೈಗೆತ್ತಿಕೊಂಡಳು.